ಚೆಕ್ಕುಬಂದಿ

ಸ್ಟಾಕ್ಟನ್ನಿನ ಡಿಸೆಂಬರ್ ಮಂಜು
ಎದುರು ಬೀದಿಯ ಕಂಬವನ್ನೂ ಬಿಟ್ಟುಕೊಡುವುದಿಲ್ಲ.
ತಡಕಾಡಿಕೊಂಡೇ ಹೋದೆ ಲೈಬ್ರರಿಗೆ.

'ವಿಳಾಸಕ್ಕೊಂದು ಪುರಾವೆ ಬೇಕಲ್ಲ' ಎಂದಳು ಕೌಂಟರಿನ ರೊಸಾರಿಯೊ,
ಕೆಮ್ಮಿನ ಗುಳಿಗೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸುತ್ತ.
ಕರೆಂಟ್ ಬಿಲ್ಲು ಬೋಫಾಳ ಹೆಸರಲ್ಲಿ.
ನಾನಿರುವುದು ಅವಳ ಡೋನಟ್ ಅಂಗಡಿಯ ಅಟ್ಟದ ಮೇಲೆ,
ಮೈದಾ ಮೂಟೆಗಳ ಪಕ್ಕ.
ಚೀಲದಲ್ಲಿದ್ದದ್ದು ಒಂದೇ ಕಾಗದ,
ಹಳೇ ಮನೆಯ ಮಾಲೀಕ ಬರೆದದ್ದು:
ಬಾಗಿಲ ಬಳಿ ಕಾರ್ಪೆಟ್ ಸವೆದಿದೆ,
ನಡುವೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ,
ಆದ್ದರಿಂದ ಸಾವಿರದ ನಾನೂರು ಡಾಲರ್ ಮುಂಗಡ
ವಾಪಸು ಬರುವುದಿಲ್ಲ, ಶುಭಾಶಯಗಳೊಂದಿಗೆ.
ಒಳಗಿನದನ್ನು ಅವಳು ಓದಲೇ ಇಲ್ಲ.
ಲಕೋಟೆಯ ಮೇಲೆ ನನ್ನ ಹೆಸರು, ಬೀದಿ,
ಅಂಚೆ ಮುದ್ರೆಯ ತಾರೀಖು ನೋಡಿ
'ಇಷ್ಟು ಸಾಕು' ಅಂದಳು.

ಕೊಡುವುದಿಲ್ಲ ಅಂದ ಕಾಗದವೇ
ಕಾರ್ಡು ಕೊಡಿಸಿತು.

'ಹಿಂದೆ ಸಹಿ ಮಾಡಿ.'
ಮಾಡಿದೆ, ಕನ್ನಡದಲ್ಲಿ: ಟಿ. ರುದ್ರಾಣಿ.
ಮೇಲೆ ಯಾವುದು, ಕೆಳಗೆ ಯಾವುದು ಎಂದು
ಕಾರ್ಡನ್ನೇ ತಿರುಗಿಸಿ ನೋಡಿ ನಕ್ಕಳು.

ಟಿ ಅಂದರೆ ತಿಪ್ಪೇಸ್ವಾಮಿ. ಬಾಂಡ್ ರೈಟರು.
ಹಿರಿಯೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ
ಮಡಚುವ ಕುರ್ಚಿ, ತೊಡೆಯ ಮೇಲೊಂದು ರಟ್ಟು.
ಹೆಬ್ಬೆಟ್ಟಿನವರಿಗೆ ಹಾಳೆಗಿಷ್ಟು ಅಂತ ಬರೆಯುತ್ತಿದ್ದ:
ಸದರಿ ಸ್ವತ್ತು, ಮೇಲ್ಕಂಡ ಷರತ್ತು,
ಯಾವುದೇ ತಂಟೆ ತಕರಾರಿಲ್ಲದೆ.
ಕಾನೂನು ಮಾತ್ರ ವಕೀಲರ ಕೋಣೆಯ ಗಾಜಿನ ಬೀರುವಿನಲ್ಲಿತ್ತು,
ಕೆಂಪು ಬೆನ್ನು, ಚಿನ್ನದ ಅಂಕಿ,
ಬೀಗದ ಕೈ ಗುಮಾಸ್ತನ ಉಡಿದಾರದಲ್ಲಿ.
ಅಪ್ಪ ಗಾಜಿಗೆ ಮೂಗು ತಾಗಿಸಿ
ಬೆನ್ನುಗಳನ್ನಷ್ಟೇ ಓದಿ ಬರುತ್ತಿದ್ದ.
ಕೇಳಿದರೆ, ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ,
ನಮಗ್ಯಾಕೆ ಆ ಉಸಾಬರಿ, ಅನ್ನುತ್ತಿದ್ದ.

ರಾತ್ರಿ ಎರಡಕ್ಕೆ ಹಿಟ್ಟು ಉಬ್ಬಲು ಬಿಟ್ಟು
ಫೋನಿನಲ್ಲಿ ಹದಿನಾಲ್ಕು ಅಂಕಿ ಒತ್ತಿದೆ.
ಎಂಟು ಒಂಬತ್ತಾಗಿ ಒಮ್ಮೆ ತಪ್ಪಿತು.
ಎರಡನೇ ಸಲಕ್ಕೆ ಬೀರು ತೆರೆಯಿತು,
ಕದ ಕಿರುಗುಟ್ಟಲೂ ಇಲ್ಲ.
ಇಡೀ ರಾಜ್ಯದ ಕಾಯಿದೆ, ಎಣ್ಣೆ ಜಿಡ್ಡಿನ ಗಾಜಿನ ಕೆಳಗೆ,
ಸರಿಸಿದಷ್ಟೂ ಮೇಲೇಳುತ್ತಿತ್ತು.
ಸರಿಸುವುದೂ ಹೆಬ್ಬೆಟ್ಟಿನಲ್ಲೇ, ಅಪ್ಪಾ.

ಬಾಡಿಗೆ. ಮುಂಗಡ. ಇಪ್ಪತ್ತೊಂದು ದಿನದ ಗಡುವು.
ಅರ್ಧ ಅರ್ಥವಾಯಿತು, ಅರ್ಧ ಮಂಜು.
ಒಂದು ಮಾತಿಗೆ ಮಾತ್ರ ಎಡವಿ ನಿಂತೆ:
ಬಳಸಿ ಬಾಳಿದ್ದರಿಂದ ಆಗುವ ಸಹಜ ಸವಕಳಿ,
ಅದಕ್ಕೆ ಬಾಡಿಗೆಯವರು ದಂಡ ತೆರಬೇಕಿಲ್ಲ.
ಮೂರು ಸಲ ಓದಿದೆ.
ಮನುಷ್ಯರು ಬಾಳಿದರೆ ನೆಲ ಸವೆಯುತ್ತದೆ ಅಂತ
ಕಾನೂನಿಗೂ ಗೊತ್ತಿದೆಯಲ್ಲ!
ಅಪ್ಪನ ನಡುಬೆರಳಿನಲ್ಲಿ ಪೆನ್ನು ಕೊರೆದ ತಗ್ಗಿತ್ತು.
ಅದನ್ನು ಯಾರ ಲೆಕ್ಕಕ್ಕೆ ಹಾಕಿದರೋ.

ಬೋಫಾ ಎದ್ದು ಬಂದು ಬಾಣಲೆಯ ಎಣ್ಣೆ ನೋಡುವಷ್ಟರಲ್ಲಿ
ಹಳೇ ಬಿಲ್ಲೊಂದರ ಹಿಂಬದಿಯಲ್ಲಿ ಕರಡು ಶುರುವಾಗಿತ್ತು:
ಸದರಿ ಮನೆಯ ಚೆಕ್ಕುಬಂದಿ,
ಪೂರ್ವಕ್ಕೆ ಸದಾ ಒದ್ದೆಯಾದ ಲಾಂಡ್ರಿ ಕೋಣೆ,
ಪಶ್ಚಿಮಕ್ಕೆ ಗೂಡ್ಸ್ ರೈಲು,
ಉತ್ತರಕ್ಕೆ ಮುಖ ತೋರದ ನೆರೆಯವನ ಟೀವಿ,
ದಕ್ಷಿಣಕ್ಕೆ ನಾನು ಕಟ್ಟಿದ ನಾಲ್ಕು ವರ್ಷದ ಬಾಡಿಗೆ.
ಈ ಮಧ್ಯೆ ಇರುವ ಕಲೆ
ನಾನು ಕಾಲಿಡುವ ಮೊದಲೇ ಇತ್ತು.
ನನ್ನ ಹತ್ತಿರ ಇಸ್ತ್ರಿಪೆಟ್ಟಿಗೆಯೇ ಇಲ್ಲ ಸ್ವಾಮಿ.
ಬಾಗಿಲ ಬಳಿಯದು ಸವಕಳಿ.
ಅದು ನನ್ನದೇ, ಒಪ್ಪುತ್ತೇನೆ.

ಇದನ್ನೆಲ್ಲ ಇಂಗ್ಲಿಷಿಗೆ ಇಳಿಸಬೇಕು, ಬೆಳಗಾದ ಮೇಲೆ.

'ಅಂಗಡಿ ಲೀಸಿನದೂ ಏನಾದರೂ ಇದೆಯಾ ಅದರಲ್ಲಿ?'
ಬೋಫಾ ಫೋನಿನ ಕಡೆ ಗದ್ದ ತೋರಿ ಕೇಳಿದಳು.
ಹುಡುಕುವಷ್ಟರಲ್ಲಿ ಅವಧಿ ಮುಗಿದು ಬೀರು ಮುಚ್ಚಿತ್ತು.
ಕಾರ್ಡನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ
ಮತ್ತೆ ಮೊದಲ ಅಂಕಿಯಿಂದ,
ಅವಳು ಕಣ್ಣು ಕಿರಿದು ಮಾಡಿ ಓದುತ್ತ,
ನಾನು ಒತ್ತುತ್ತ.